ತಲೆಗದ್ದೆಯ ಅಗಿನಾಯ

ಅಗಿನಾಯ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಬೆಟ್ಟದೂರು ಉಲ್ಗಾನಿನ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವುದಕ್ಕೆ ಕಾರಣವೂ ಇತ್ತು. ಬೆಳಗ್ಗೆ ಒಲೆ ಹೊತ್ತಿಸಿ ಅನ್ನಕ್ಕೆ ಎಸರಿಟ್ಟು, ಅದು ಮರಳುವಷ್ಟರಲ್ಲಿ ನಾಲ್ಕು ಮನೆ ಸುತ್ತಿ ಬರುವ ಹೆಂಗಸು ಅವಳು. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು, ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುವಳು. ಚರ್ಚಿನಲ್ಲಿ ಪಾದ್ರಿಯ ಮಾತು ಸ್ವಲ್ಪ ಉದ್ದವಾಯಿತೋ, ಮೊದಲು ಹೊರಬೀಳುವವಳು ಅವಳೇ. ನಾಟಿ ಮುಗಿದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ಬೆಟ್ಟದ ಹುಲ್ಲು ತಂದು ಪೊರಕೆ ಕಟ್ಟಿ, ಹೊರೆ ಮಾಡಿ, ಬಾಡಿಗೆ ಗಾಡಿ ಜೀಪ್ನಿ ಹತ್ತಿ ಬಾಗಿಯೊ ಪಟ್ಟಣಕ್ಕೆ ಹೋದಳೆಂದರೆ ವಾರಗಟ್ಟಲೆ ಬೀದಿ ಬೀದಿ ಅಲೆದು, ಮುಖ ಅರಳಿಸಿಕೊಂಡು ಬರುವಳು. ಪೊರಕೆ ಬರೀ ನೆಪ ಎಂದು ಎಲ್ಲರಿಗೂ ಗೊತ್ತಿತ್ತು, ಅವಳ ಗಂಡ ದುಲಾವನ್‌ಗೂ ಗೊತ್ತಿತ್ತು. ಅವನು ಕೂತಲ್ಲೇ ಕೂತು ಮರದ ಸೌಟು ಕೆತ್ತುವ ಆಸಾಮಿ. ಹೆಂಡತಿ ಇಬ್ಬರ ನಡಿಗೆಯನ್ನೂ ನಡೆಯುತ್ತಾಳೆ ಬಿಡಿ ಎನ್ನುತ್ತಿದ್ದ.

ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಹಾಗೆ, ಇಂಥವಳ ಪಾಲಿಗೆ ಬಂದದ್ದು ತಲೆಗದ್ದೆ. ಅವಳ ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ. ಬೆಟ್ಟದ ಊಟೆ ನೀರು ಮೊದಲು ಬೀಳುವ ಗದ್ದೆ ಅದು. ಅಲ್ಲಿಂದ ಕಲ್ಲುಗೋಡೆ ಇಳಿದು ಇಳಿದು ಊರಿನ ಉಳಿದ ಗದ್ದೆಗಳಿಗೆಲ್ಲ ನೀರು ಹೋಗಬೇಕು. ಆ ಗದ್ದೆ ಯಾರದೋ ಅವಳೇ ಊರಿನ ತುಮೋನಾ, ಅಂದರೆ ಮುಂದಾಗುವವಳು. ಅವಳು ಬೀಜ ಹಾಕಿದ ಮೇಲೆ ಊರು ಬೀಜ ಹಾಕಬೇಕು, ಅವಳು ನಾಟಿ ಮಾಡಿದ ಮೇಲೆ ಊರು ನಾಟಿ ಮಾಡಬೇಕು. ಕುಯ್ಲಂತೂ ಕೇಳಲೇಬೇಡಿ. ತಲೆಗದ್ದೆಯ ತೆನೆಯೆಲ್ಲ ಕುಯ್ದು ಕಟ್ಟಾಗಿ ಕಣಜ ಏರುವ ತನಕ ಇನ್ನೊಬ್ಬರ ಗದ್ದೆಗೆ ಕತ್ತಿ ಇಳಿಯುವಂತಿಲ್ಲ. ಒಂದು ಹಿಡಿ ಕುಯ್ದು ಶಾಸ್ತ್ರ ಮುಗಿಸೋಣ ಎಂದರೂ ನಡೆಯುವುದಿಲ್ಲ. ಅದಾದ ಮಾರನೆಯ ದಿನ ಸುಮ್ಮನಿರುವ ದಿನ. ಅವತ್ತು ಯಾರೂ ಗದ್ದೆಗೆ ಕಾಲಿಡಬಾರದು, ಒನಕೆ ಮುಟ್ಟಬಾರದು, ಬಟ್ಟೆ ಒಗೆಯಬಾರದು. ಕಣಜದ ಬುಡದಲ್ಲಿ ಕೂತು ಅನ್ನದ ಕಳ್ಳು ಕುಡಿಯುತ್ತ, ಎಲೆಅಡಿಕೆ ಹಾಕುತ್ತ ಕಾಲ ಕಳೆಯಬೇಕು. ಆ ದಿನ ಮುರಿದರೆ ಇಲಿಗಳು ಬಂದು ಲೆಕ್ಕ ಚುಕ್ತಾ ಮಾಡುತ್ತವೆ. ಮದುವೆಯಾದ ಹೊಸತರಲ್ಲಿ ಅಗಿನಾಯ ಸುಮ್ಮನಿರಲಾರದೆ ಅವತ್ತು ಗದ್ದೆಗಿಳಿದು ಬಸವನಹುಳು ಹೆಕ್ಕಿದ್ದಳಂತೆ. ಆ ವರ್ಷ ಇಲಿ ತಿಂದದ್ದನ್ನು ಮುದುಕಿಯರು ಇನ್ನೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ.

ಅಂಗಡಿಯಲ್ಲಿ ಅಕ್ಕಿ ಸಿಗುವುದಿಲ್ಲವೇ ಎಂದು ಕೇಳಿದರೆ ಸಿಗುತ್ತದೆ. ಬಯಲುಸೀಮೆಯ ಅಕ್ಕಿ ಮೂಟೆಮೂಟೆಯಾಗಿ ಲಗಾವೆ ಪೇಟೆಯಿಂದ ಬರುತ್ತದೆ, ಅರ್ಧ ವರ್ಷ ನಾವು ತಿನ್ನುವುದೂ ಅದನ್ನೇ. ಆದರೆ ಅಂಗಡಿ ಅಕ್ಕಿ ಹೊಟ್ಟೆಗೆ, ನಮ್ಮ ಅಕ್ಕಿ ಹೆಸರಿಗೆ. ಹುಟ್ಟಿದ ಕೂಸಿನ ತುಟಿಗೆ ಅಂಗಡಿ ಅಕ್ಕಿಯ ಗಂಜಿ ಸವರುವವರಿಲ್ಲ. ಸತ್ತವರನ್ನು ಕೂರಿಸಿಕೊಂಡು ರಾತ್ರಿಯೆಲ್ಲ ಹಾಡುವಾಗ ನೆಂಟರಿಗೆ ಬಡಿಸುವ ಅನ್ನ ಸ್ವಂತ ಕಣಜದ್ದಲ್ಲದಿದ್ದರೆ ಮನೆತನದ ಮುಖ ಎತ್ತುವ ಹಾಗಿಲ್ಲ. "ಗೆಣಸು ತಿನ್ನೋರು" ಎಂಬ ಮಾತು ಮೊಮ್ಮಕ್ಕಳ ತನಕ ಅಂಟಿಕೊಳ್ಳುತ್ತದೆ. ವರ್ಷಕ್ಕೆ ಒಂದೇ ಬೆಳೆ. ಅದು ಹೋಯಿತೆಂದರೆ ಇಡೀ ವರ್ಷ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು.

ತಲೆಗದ್ದೆಯಲ್ಲಿ ಬೆಳೆಯುವ ಭತ್ತವೂ ಬೇರೆ. ಕೆಂಪುಮೀಸೆ ಅದರ ಹೆಸರು. ಕಾಳಿನ ತುದಿಯಲ್ಲಿ ಕೆಂಪು ಮೀಸೆ, ಬೆಂದರೆ ಪಕ್ಕದ ಮನೆಗೆ ಘಮ. ಅದರ ಬೀಜ ಆ ಗದ್ದೆ ಬಿಟ್ಟರೆ ಬೇರೆಲ್ಲೂ ಇಲ್ಲ. ಕುಯ್ಲಿಗೆ ಮುಂಚೆ ಒಂದು ದಿನ ತುಮೋನಾ ಒಬ್ಬಳೇ ಗದ್ದೆಗಿಳಿದು, ನಡುವಿನ ಸಾಲುಗಳಲ್ಲಿ ಉದ್ದದ, ತುಂಬಿದ, ಮುರಿಯದ ತೆನೆಗಳನ್ನು ಆರಿಸಿ ಬೀಜಕ್ಕೆ ತೆಗೆಯಬೇಕು. ಬೀಜ ಆರಿಸುವುದು ನಿಧಾನದ ಕೆಲಸ. ಅಗಿನಾಯ ಚಿಕ್ಕವಳಿದ್ದಾಗ ಅವಳ ತಾಯಿ ಈ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ, ತುದಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಜ ಆರಿಸುವುದನ್ನು ಕಲಿಸಿದ್ದಳು. ವರ್ಷವಿಡೀ ತಿರುಗುವ ಕಾಲು ಆ ಒಂದು ದಿನ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು ಎಂದು ಅಗಿನಾಯ ಹೇಳುತ್ತಿದ್ದಳು. ಉಳಿದ ದಿನವೆಲ್ಲ ಅವಳಿಗೆ ಆ ಗದ್ದೆ ಎಂದರೆ ಕಾಲಿಗೆ ಕಟ್ಟಿದ ಗುಂಡುಕಲ್ಲು. ಯಾರಿಗಾದರೂ ಹೋಗಲಿ, ನಾನು ಬಾಗಿಯೊದಲ್ಲೇ ಇದ್ದುಬಿಡುತ್ತೇನೆ ಎಂದು ಕಳ್ಳು ಕುಡಿದಾಗಲೆಲ್ಲ ಅಂದದ್ದುಂಟು.

ಯಾರಿಗಾದರೂ ಅಂದರೆ ಯಾರಿಗೆ ಎಂಬುದೂ ಗೊತ್ತಿದ್ದದ್ದೇ. ತಲೆಗದ್ದೆಯ ಕೆಳಗಿನ ಗದ್ದೆ ಇಂಬಾಂಗಳದು. ಅಗಿನಾಯಳ ದೊಡ್ಡಮ್ಮನ ಮಗಳು, ವಯಸ್ಸಿನಲ್ಲಿ ಒಂದೆರಡು ವರ್ಷ ದೊಡ್ಡವಳು, ದಪ್ಪ ಮೈ, ಚೂರಿಯಂಥ ನಾಲಿಗೆ. ಲಗಾವೆ ದಾಟಿ ಆಚೆ ಹೋದವಳಲ್ಲ. ಬೆಳಗ್ಗೆ ಕಟ್ಟೆಯ ಮೇಲೆ ಕೂತರೆ ನೆರಳು ಸರಿದಾಗ ಮಾತ್ರ ಸರಿಯುವವಳು. ತನ್ನ ತಾಯಿ ಹಿರಿಯಳಾದರೂ ಗದ್ದೆ ಕಿರಿಯಳ ಪಾಲಾಯಿತಲ್ಲ ಎಂಬ ಉರಿ ಅವಳಲ್ಲಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋದವಳಲ್ಲ.

ಆ ವರ್ಷ ನಾಟಿ ಮುಗಿಸಿ ಅಗಿನಾಯ ಎಂದಿನಂತೆ ಪೊರಕೆ ಹೊತ್ತು ಹೋದಳು. ತಲೆಗದ್ದೆಯ ಮೇಲ್ಗೋಡೆಯೊಳಗೆ ದೊಡ್ಡ ಎರೆಹುಳು ಬಿಲ ಕೊರೆದು ಕಲ್ಲು ಉಬ್ಬಿಸಿದ್ದನ್ನು ದಿನಾ ಬದುವಿನ ಮೇಲೆ ನಡೆಯುವವರು ನೋಡಬೇಕಿತ್ತು. ನಡೆಯುವವಳು ಬಾಗಿಯೊದಲ್ಲಿದ್ದಳು. ದುಲಾವನ್ ನೋಡಿದ್ದನಂತೆ, ಅವಳು ಬರಲಿ ಎಂದು ಕೂತಿದ್ದನಂತೆ. ಒಂದು ಮಳೆಗೆ ಗೋಡೆ ಜಾರಿತು. ಕಲ್ಲು, ಮಣ್ಣು, ನೀರು ಎಲ್ಲ ಒಟ್ಟಿಗೆ ಇಳಿದು ತಲೆಗದ್ದೆಯ ಪೈರನ್ನು ಹೂತುಹಾಕಿತು. ಸುದ್ದಿ ಕೇಳಿ ಓಡಿಬಂದ ಅಗಿನಾಯ ಗೋಡೆ ಎತ್ತಿ ಕಟ್ಟಿಸಿ, ಕಣಜದಲ್ಲಿ ಮಿಕ್ಕಿದ್ದ ಕೆಂಪುಮೀಸೆಯ ಬೀಜದ ತೆನೆಗಳನ್ನೆಲ್ಲ ಇಳಿಸಿ, ಹೊಸದಾಗಿ ಸಸಿ ಮಾಡಿ ಮತ್ತೆ ನಾಟಿ ಮಾಡಿದಳು. ಕಣಜದಲ್ಲಿ ಬೀಜವೆಂದು ಒಂದು ಕಾಳೂ ಉಳಿಯಲಿಲ್ಲ. ಊರಿನ ಪೈರು ಮೊಣಕಾಲುದ್ದ ಎದ್ದಿತ್ತು, ಅವಳದು ಆಗಷ್ಟೇ ಬೇರು ಹಿಡಿದಿತ್ತು.

ಆಗ ಯಾರೂ ಏನೂ ಅನ್ನಲಿಲ್ಲ. ಅನ್ನುವ ಕಾಲ ಕುಯ್ಲಿಗೆ ಬಂತು.

ಮೇಲಿಂದ ಕೆಳಗಿನವರೆಗೆ ಇಡೀ ಬೆಟ್ಟ ಹೊಂಬಣ್ಣಕ್ಕೆ ತಿರುಗಿತು, ನೆತ್ತಿಯಲ್ಲಿ ತಲೆಗದ್ದೆ ಒಂದೇ ಹಸಿರು. ಹಕ್ಕಿಗಳು ಬಂದವು, ಇಲಿಗಳು ಬಂದವು. ತೆನೆಗಳು ಭಾರಕ್ಕೆ ಬಾಗಿ, ನೀರಿಗೆ ತಾಗಿ, ಕೆಲವು ಕಾಳು ಅಲ್ಲೇ ಮೊಳಕೆ ಒಡೆದವು. ಹೆಂಗಸರು ಅಂಗೈಯಲ್ಲಿ ಅಡಗುವ ತೆನೆಗತ್ತಿಗಳನ್ನು ಮಸೆದು, ಮಸೆದದ್ದನ್ನೇ ಮತ್ತೆ ಮಸೆದು ಇಟ್ಟುಕೊಂಡರು. ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ರೂಢಿಯಲ್ಲ. ಸುಮ್ಮನೆ ಬರುವರು, ಅಗಿನಾಯಳ ಅಂಗಳದಲ್ಲಿ ಕೂರುವರು, ಎಲೆಗೆ ಸುಣ್ಣ ಹಚ್ಚುವರು, ಆಕಾಶ ನೋಡುವರು. ಈ ಮೋಡ ಎಲ್ಲಿಂದ ಬಂತು ಎಂದು ಒಬ್ಬರು, ಮೂಡಣದಿಂದ ಎಂದು ಇನ್ನೊಬ್ಬರು. ಅಗಿನಾಯ ಅಡುಗೆಮನೆಗೆ ಹೋಗುವಳು, ಹಿತ್ತಿಲಿಗೆ ಹೋಗುವಳು, ತಿರುಗಿ ಅಂಗಳಕ್ಕೆ ಬಂದರೆ ಅವರು ಅಲ್ಲೇ. ಎಲ್ಲಿಗೂ ಹೋಗಲು ಜಾಗವಿಲ್ಲದೆ ಹೋದದ್ದು ಅವಳಿಗೆ ಜೀವನದಲ್ಲಿ ಅದೇ ಮೊದಲು. ಬೆಳಗ್ಗೆ, ಮಧ್ಯಾಹ್ನ, ಸಂಜೆ ತಲೆಗದ್ದೆಗೆ ಹತ್ತಿ ಒಂದು ತೆನೆ ಹಿಡಿದು ಕಾಳು ಕಚ್ಚಿ ನೋಡುವಳು. ಹಲ್ಲಿಗೆ ಗಟ್ಟಿ ಸಿಗಬೇಕಾದ ಕಡೆ ನಾಲಿಗೆಗೆ ಹಾಲು ತಾಗುತ್ತಿತ್ತು.

ಕೇಳುವ ಧೈರ್ಯ ಇದ್ದದ್ದು ಇಂಬಾಂಗಳಿಗೆ ಮಾತ್ರ. ಅಂಗಳ ತುಂಬ ಜನ ಇರುವಾಗಲೇ ಅಂದಳು.

"ನಿನ್ ಪೊರಕೆ ಬಾಗಿಯೊ ಊರನ್ನೆಲ್ಲ ಗುಡಿಸ್ತು ಕಣೆ. ಇನ್ನು ನಮ್ ಕಣಜ ಒಂದು ಬಾಕಿ ಇತ್ತು, ಅದನ್ನೂ ಗುಡಿಸ್ಬಿಡು."

ಅಗಿನಾಯಳ ನಾಲಿಗೆಯೂ ಕಡಿಮೆಯದಲ್ಲ, ಆದರೆ ಅವತ್ತು ಎದ್ದು ಹಿತ್ತಿಲಿಗೆ ಹೋದಳು. ಅಕ್ಕ ಹೇಳಿದ್ದು ನಿಜವಾಗಿತ್ತು.

ಆಮೇಲೆ ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬಂತು. ಮೂಡಣ ಸಮುದ್ರದಲ್ಲಿ ಎದ್ದಿದೆ, ನಮ್ಮ ಬೆಟ್ಟದ ಕಡೆಗೇ ತಿರುಗಿದೆ, ಮೂರು ದಿನ, ಹೆಚ್ಚೆಂದರೆ ನಾಲ್ಕು. ಊರ ಮುಖಂಡ ಬಿನ್ವಾಗ್ ಸಭೆ ಕರೆದ. ಅವನು ಪೇಟೆಯಲ್ಲಿ ಓದಿಬಂದವನು, ಮಾತು ಚೆನ್ನಾಗಿ ಆಡುತ್ತಿದ್ದ. ಕಾಲ ಬದಲಾಗಿದೆ, ಒಬ್ಬಳ ಗದ್ದೆಗಾಗಿ ಇಡೀ ಊರು ಹಾಳಾಗುವುದು ಯಾವ ನ್ಯಾಯ, ಬೆಳಗಾದರೆ ಯಾರ ಗದ್ದೆ ಅವರು ಕುಯ್ದುಕೊಳ್ಳಿ, ಇಲಿ ಬಂದರೆ ಔಷಧ ತರಿಸೋಣ ಎಂದೆಲ್ಲ ಹೇಳಿದ. ಎಲ್ಲರೂ ತಲೆ ಆಡಿಸಿದರು. ಹಾಗಾದರೆ ನಾಳೆ ಮೊದಲು ನಿಮ್ಮ ಗದ್ದೆಗೇ ಇಳಿಯಿರಿ ಎಂದು ಹಿಂದಿನಿಂದ ಯಾರೋ ಅಂದದ್ದೇ ತಡ, ಅವನಿಗೆ ಲಗಾವೆಯಲ್ಲಿ ಮೀಟಿಂಗು ಇರುವುದು ನೆನಪಾಯಿತು. ಅವನ ಹೆಂಡತಿ ಸೊಂಟದಲ್ಲಿದ್ದ ಕತ್ತಿಯನ್ನು ಬಟ್ಟೆಯೊಳಗೆ ಸರಿಸಿಕೊಂಡಳು. ದೇವರಿಗೆ ಹೆದರದವರೂ ಇಲಿಗೆ ಹೆದರುತ್ತಾರೆ, ಏನು ಮಾಡುವುದು.

ಸಭೆ ಮುಗಿದ ಮೇಲೆ ಅಗಿನಾಯ ನೇರ ಲುನಾಗನ ಗುಡಿಸಲಿಗೆ ಹೋದಳು. ಊರಿನ ಪೂಜೆ ಪುನಸ್ಕಾರ ಮಾಡುತ್ತಿದ್ದ ಮುದುಕ ಅವನು, ಹಿರಿಯರ ಹೆಸರುಗಳನ್ನು ಇಪ್ಪತ್ತು ತಲೆಮಾರಿನ ತನಕ ಹೇಳಬಲ್ಲವನು. ಅವಳು ಬಾಗಿಲಲ್ಲಿ ನಿಂತೇ ಕೇಳಿದಳು. ಅವನು ಕೂತ್ಕೋ ಅಂದ. ಕೂರಲಿಲ್ಲ.

"ಅಪೋ, ಅಜ್ಜಾ, ಹಸೀದೇ ಕುಯ್ದ್ರೆ ಏನಾಗತ್ತೆ?"

ಮುದುಕ ಬಾಯಲ್ಲಿದ್ದ ಎಲೆ ಉಗಿದ.

"ಹಣ್ಣಾಗಿರ್ಬೇಕು ಅಂತ ಹಿರೀಕರು ಹೇಳ್ಲಿಲ್ಲ ಮಗಳೇ. ತಲೆಗದ್ದೆ ಮೊದ್ಲು ಅಂದ್ರು, ಅಷ್ಟೇ. ನೀನು ಕುಯ್ದು ಕಣಜಕ್ಕೆ ಏರಿಸಿದ್ರೆ ಊರಿಗೆ ದಾರಿ ಬಿಡ್ತು. ಆದ್ರೆ ಹಸಿ ತೆನೇಲಿ ಬೀಜ ಇಲ್ವಲ್ಲ. ತನ್ ಬೀಜ ತಾನು ಕೊಡ್ದೇ ಇರೋ ಗದ್ದೆ ತಲೆಗದ್ದೆ ಆಗಲ್ಲ. ಬೇರೆಯವ್ರ ಬೀಜ ಇಸ್ಕೊಂಡು ಹಾಕಿದ್ರೆ ನೀನೂ ಊರಿನ ಹತ್ತು ಜನದಲ್ಲಿ ಒಬ್ಳು."

"ಆಮೇಲೆ?"

"ನೀರು ಎಲ್ಲಿಗೆ ಇಳಿಯತ್ತೋ ಅಲ್ಲಿಗೇ ಮುಂದಾಳ್ತನಾನೂ ಇಳಿಯತ್ತೆ."

ಅಂದರೆ ಇಂಬಾಂಗಳಿಗೆ.

ಅಗಿನಾಯ ಮನೆ ಕಡೆ ಹೊರಟಳು. ಹೇಳಲು ನಾಚಿಕೆಯಾಗುವ ಮಾತು, ಆದರೂ ಅವಳೇ ಮುಂದೆ ಹೇಳಿಕೊಂಡದ್ದರಿಂದ ಹೇಳುತ್ತೇನೆ: ದಾರಿಯಲ್ಲಿ ಅವಳಿಗೆ ಮೊದಲು ಆದದ್ದು ಸಂತೋಷ. ಹಗ್ಗ ಬಿಚ್ಚಿತು. ಇನ್ನು ಊರು ತನ್ನ ಅಂಗಳದಲ್ಲಿ ಬಂದು ಕೂರುವುದಿಲ್ಲ; ಬೇಕಾದಾಗ ಹೋಗಬಹುದು, ಬೇಕಾದಾಗ ಬರಬಹುದು, ಬರದೆಯೂ ಇರಬಹುದು. ನಾಲ್ಕು ಹೆಜ್ಜೆ ಹಗುರವಾಗಿ ನಡೆದಳು. ಐದನೆಯದಕ್ಕೆ ತಾಯಿಯ ಕೈ ನೆನಪಾಯಿತು. ಸಾಯುವಾಗ ಆ ಕೈಯ ಮುಷ್ಟಿಯಲ್ಲಿ ಕೆಂಪುಮೀಸೆಯ ತೆನೆಯೊಂದು ಇತ್ತು, ಬಿಡಿಸಲು ಬೆರಳು ಒಂದೊಂದಾಗಿ ಎತ್ತಬೇಕಾಗಿತ್ತು. ನಡೆಯುತ್ತಿದ್ದವಳು ಅಲ್ಲೇ ನಿಂತಳು. ಅಮ್ಮನಿಂದ ಬಂದ ಬೀಜ ನನ್ನ ಕೈಯಲ್ಲಿ ತೀರಿಹೋಗುತ್ತದೆ, ಅದೂ ನನ್ನ ಕಾಲಿನ ದೆಸೆಯಿಂದ ಎಂದು ಅವಳಿಗೆ ಮೊದಲ ಸಲ ನೆಟ್ಟಗೆ ಅರ್ಥವಾಯಿತು. ಮನೆಗೆ ಹೋಗದೆ ಊರನ್ನು ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು. ಕುಯ್ದರೆ ಬೀಜ ಹೋಯಿತು, ಹೆಸರು ಹೋಯಿತು. ಕಾದರೆ ಊರಿನ ಅನ್ನವೇ ಹೋಯಿತು. ಎಲ್ಲರ ಮನೆಯ ಒಲೆಯ ಹೊಗೆ ಅವಳ ಮುಖಕ್ಕೇ ಬರುತ್ತಿದೆ ಅನ್ನಿಸುತ್ತಿತ್ತು.

ಮನೆಗೆ ಬಂದಾಗ ದುಲಾವನ್ ಬುಟ್ಟಿಗಳ ದೂಳು ಒದರಿ ಸಾಲಾಗಿ ಇಟ್ಟಿದ್ದ. ಅವಳ ಮುಖ ನೋಡಿದ.

"ನಾಳೇನಾ?"

"ನಾಳೆ."

"ನನ್ ಮಂಡಿ ಹಿಡ್ಕೊಂಡಿದೆ. ಆದ್ರೂ ಬರ್ತೀನಿ. ಹೊರೋಕಾಗ್ದೇ ಇದ್ರೆ ಕಟ್ಟಾದ್ರೂ ಕಟ್ತೀನಿ."

ಮೂವತ್ತು ವರ್ಷದಲ್ಲಿ ಅವನು ಕರೆಯದೆ ಬರುತ್ತೇನೆ ಎಂದದ್ದು ಅದೇ ಮೊದಲು. ಗೋಡೆ ಉಬ್ಬಿದ್ದನ್ನು ನೋಡಿಯೂ ಕೂತಿದ್ದವನಿಗೆ ತಪ್ಪಿನಲ್ಲಿ ತನ್ನ ಪಾಲು ಗೊತ್ತಿತ್ತು.

ಬೆಳಕು ಹರಿಯುವ ಹೊತ್ತಿಗೆ ಅಗಿನಾಯ ಒಬ್ಬಳೇ ತಲೆಗದ್ದೆಗೆ ಇಳಿದಳು. ಇನ್ನೂ ಆಸೆ ಬಿಟ್ಟಿರಲಿಲ್ಲ. ಊಟೆಯಿಂದ ದೂರದ ಮೂಲೆಯಲ್ಲಿ, ನೀರು ಬೆಚ್ಚಗಿರುವ ಕಡೆ, ಎಲ್ಲಾದರೂ ಒಂದು ಹಿಡಿ ತೆನೆ ಬೇಗ ಹಣ್ಣಾಗಿದ್ದರೆ ಸಾಕು. ಒಂದು ಚಾಪೆಯಷ್ಟು ಸಸಿ ಮಾಡಿ ಎರಡು ಮೂರು ವರ್ಷದಲ್ಲಿ ಗದ್ದೆ ತುಂಬಿಸಬಹುದು. ಸಾಲು ಸಾಲು ನಡೆದಳು. ತಾಯಿ ಕಲಿಸಿದ ಹಾಗೆ, ಎಡಗೈ ತೆನೆಯ ಕೆಳಗೆ, ಬಲಗೈಯ ಹೆಬ್ಬೆರಳು ಕಾಳಿನ ಮೇಲೆ. ಮೂಲೆಯಲ್ಲಿ ಹಳದಿ ಕಂಡಿತು. ಹತ್ತಿರ ಹೋದರೆ ಇಲಿ ಕಡಿದು ಒಣಗಿದ ದಂಟು. ಮತ್ತೊಂದು ಕಡೆ ಕಂಡಿತು, ಅಲ್ಲಿ ಹಕ್ಕಿ ತಿಂದು ಬಿಟ್ಟ ಜೊಳ್ಳು. ಊರಿನ ಬೆಳೆ ಹಣ್ಣಾಗಿ ಕಾದಿದ್ದಷ್ಟು ದಿನವೂ ಹಕ್ಕಿ ಇಲಿಗಳು ಹಣ್ಣಾದದ್ದನ್ನೇ ಹುಡುಕಿ ತಿಂದಿದ್ದವು. ಇಡೀ ಗದ್ದೆ ಎರಡು ಸಲ ನಡೆದಳು, ಕೈಗೆ ಬೀಜವಾಗುವ ತೆನೆ ಒಂದೂ ಸಿಗಲಿಲ್ಲ. ಆಗ ಸೊಂಟದಿಂದ ಕತ್ತಿ ತೆಗೆದು ಮೊದಲ ತೆನೆ ಕುಯ್ದಳು. ಕತ್ತಿಯ ಬಾಯಿಗೆ ಹಾಲು ಮೆತ್ತಿಕೊಂಡಿತು.

ಹೆಂಗಸರು ಬಂದು ಸೇರಿಕೊಂಡರು. ಕುಯ್ಲಿಗೆ ಹಾಡು ಇರಬೇಕು, ಅವತ್ತು ಯಾರೂ ಹಾಡು ಎತ್ತಲಿಲ್ಲ. ತೆನೆಯ ದಂಟು ಹಸಿ, ಕಟ್ಟು ನಿಲ್ಲುತ್ತಿರಲಿಲ್ಲ; ದುಲಾವನ್ ಬದುವಿನ ಮೇಲೆ ಕಾಲು ಚಾಚಿ ಕೂತು ಬಿದಿರಿನ ದಬ್ಬೆಯಿಂದ ಬಿಗಿದು ಕಟ್ಟಿದ. ಇಂಬಾಂಗಳೂ ಬಂದಳು, ಯಾರ ಮುಖವನ್ನೂ ನೋಡದೆ ಮೂಲೆಯಿಂದ ಕುಯ್ಯುತ್ತ ಬಂದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತಲೆಗದ್ದೆ ಬೋಳಾಯಿತು. ಕಣಜದ ಬಾಗಿಲು ತೆಗೆದು ಲುನಾಗ ಕೋಳಿ ಕುಯ್ದ. ಒಳಗೆ ಕೂತ ಮರದ ಕಾವಲು ಬೊಂಬೆಗಳ ಮೊಣಕಾಲಿಗೆ ರಕ್ತ ಸವರಿದ. ಹಸಿರು ಕಟ್ಟುಗಳು ಒಂದೊಂದಾಗಿ ಏಣಿ ಏರಿದವು. ಆ ಕಣಜ ಅಂಥ ಬಣ್ಣ ನೋಡಿರಲಿಲ್ಲ.

ಈಗ ಸುಮ್ಮನಿರುವ ದಿನ.

ಆ ದಿನದ ಕಷ್ಟ ಹೇಳಿದರೆ ತೀರದು. ಗದ್ದೆಯಲ್ಲಿ ಹಣ್ಣಾದ ಬೆಳೆ, ರೇಡಿಯೋದಲ್ಲಿ ಬರುತ್ತಿರುವ ಚಂಡಮಾರುತ, ಮೇಲೆ ಆಕಾಶ ಮಾತ್ರ ತೊಳೆದಿಟ್ಟ ಹಾಗೆ. ಇಂಥ ದಿನ ಕೈ ಕಟ್ಟಿ ಕೂರಿ ಎಂದರೆ ಸಂತನಿಗೂ ಕೋಪ ಬರುತ್ತದೆ. ಬೆಳಗ್ಗೆಯೇ ಗುಸುಗುಸು ಶುರುವಾಯಿತು. ಕುಯ್ಲು ಆಗಿದೆ, ಕಣಜ ಏರಿದೆ, ಇನ್ನು ಕೂರುವುದು ಯಾತಕ್ಕೆ, ಅರ್ಧ ದಿನ ಕೂತರೆ ಸಾಲದೇ. ಅಗಿನಾಯ ಮನೆಯೊಳಗೆ ತಿರುಗುತ್ತಿದ್ದಳು. ಕಿಟಕಿಯಿಂದ ನೋಡಿದರೆ ಬಿನ್ವಾಗನ ಹೆಂಡತಿ ಬುಟ್ಟಿ ಹಿಡಿದು ಗದ್ದೆ ದಾರಿ ಹಿಡಿದಿದ್ದಾಳೆ, ಹಿಂದೆ ಇನ್ನಿಬ್ಬರು.

ಅಗಿನಾಯ ಹಿತ್ತಿಲಿನಿಂದ ಇಳಿದು ಓಡಿದಳು. ಊರು ಮುಗಿದು ಗದ್ದೆ ಶುರುವಾಗುವ ಕಡೆ, ಎರಡು ಕಲ್ಲುಗೋಡೆಗಳ ನಡುವೆ ಒಬ್ಬರು ಹೋಗುವಷ್ಟು ದಾರಿ. ಅಲ್ಲಿ ನೆಲದ ಮೇಲೆ ಕಾಲು ಮಡಚಿ ಕೂತುಬಿಟ್ಟಳು.

"ಜಾಗ ಬಿಡು ಅಗಿನಾಯಕ್ಕ," ಎಂದಳು ಮುಖಂಡನ ಹೆಂಡತಿ. "ನಿನ್ ಬೆಳೆ ಹೇಗೂ ಹೋಯ್ತು. ನಮ್ದಾದ್ರೂ ಉಳೀಲಿ."

"ಹೋಯ್ತಲ್ಲ, ಅದಕ್ಕೇ ಕೂತಿದೀನಿ. ನನ್ನಮ್ಮನ ಬೀಜ ಕೊಟ್ಟು ಈ ದಿನ ತಂದಿದೀನಿ ಕಣೆ. ನೀನು ಇವತ್ತು ಮುರಿದ್ರೆ ನಾನು ಕೊಟ್ಟಿದ್ದು ಯಾತಕ್ಕೂ ಬರ್ಲಿಲ್ಲ ಅಂತಾಗತ್ತೆ. ಹೋಗೋದಾದ್ರೆ ನನ್ನ ತುಳ್ಕೊಂಡು ಹೋಗು."

ತುಳಿದುಕೊಂಡು ಹೋಗುವ ಧೈರ್ಯ ಯಾರಿಗಿತ್ತು? ಆ ಮೂವರು ಅಲ್ಲೇ ನಿಂತರು, ನಿಂತು ಸೋತು ಕೂತರು. ಅವರ ಹಿಂದೆ ಬಂದವರೂ ಕೂತರು. ಬಿಸಿಲು ಏರಿತು. ಅಗಿನಾಯಳಿಗೆ ಕಾಲು ಜೋಮು ಹಿಡಿಯಿತು, ತೊಡೆ ನಡುಗಿತು, ಮೈಯೆಲ್ಲ ಇರುವೆ ಹರಿದ ಹಾಗಾಯಿತು. ಎದ್ದರೆ ದಾರಿ ತೆರೆದಂತೆ ಎಂದು ಅವಳಿಗೆ ಗೊತ್ತಿತ್ತು. ಮೊಣಕಾಲಿನ ಮೇಲೆ ಎರಡೂ ಕೈ ಒತ್ತಿ ಹಿಡಿದು ಕೂತಳು. ಮಧ್ಯಾಹ್ನ ದುಲಾವನ್ ಕುಂಟುತ್ತ ಬಂದು, ಹಸಿ ಭತ್ತವನ್ನು ಹುರಿದು, ಕೈಯಲ್ಲೇ ಉಜ್ಜಿ ಹೊಟ್ಟು ತೆಗೆದು ಬಾಳೆಲೆಯಲ್ಲಿ ತಂದದ್ದನ್ನು ಅವಳ ಮಡಿಲಲ್ಲಿ ಇಟ್ಟು ಹೋದ. ಕೆಂಪುಮೀಸೆಯ ಹಸಿಗಾಳು ಹಾಗೆ ಸಿಹಿಯಾಗಿರುತ್ತದೆ ಎಂದು ಅವಳಿಗೆ ಆ ತನಕ ತಿಳಿದಿರಲಿಲ್ಲ. ತಿಂದಳು, ಮುಂದೆ ಕೂತವರಿಗೂ ಹಂಚಿದಳು. ಸಂಜೆಗೆ ಮೂಡಣದಲ್ಲಿ ಗಾಳಿ ಎದ್ದು ತೆನೆಗಳು ಒಂದಕ್ಕೊಂದು ಉಜ್ಜುವ ಸದ್ದು ಕೇಳಿತು. ಯಾರೂ ಕದಲಲಿಲ್ಲ. ಸೂರ್ಯ ಮುಳುಗಿದ ಮೇಲೆ ಅವಳನ್ನು ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತು.

ಮಾರನೆಯ ದಿನ ಕೋಳಿ ಕೂಗುವ ಮುಂಚೆಯೇ ಇಡೀ ಊರು ಗದ್ದೆಯಲ್ಲಿತ್ತು. ಶಾಲೆಗೆ ಬೀಗ, ಅಂಗಡಿಗೆ ಬೀಗ, ಪಾದ್ರಿಯೂ ಹೊರೆ ಹೊತ್ತ. ಅಗಿನಾಯ ಆ ದಿನ ಎಷ್ಟು ಗದ್ದೆಗಳಲ್ಲಿ ಕುಯ್ದಳೋ ಲೆಕ್ಕವಿಲ್ಲ. ಒಂದು ಕಡೆ ಕಂಡವಳು ಮರುಕ್ಷಣ ಇನ್ನೊಂದು ಕಡೆ. ಕತ್ತಲಾಗುವ ಹೊತ್ತಿಗೆ ಮಳೆ ಸುರಿಯತೊಡಗಿತು, ಗಾಳಿ ಮೂರು ಮನೆಗಳ ಮಾಡು ಹಾರಿಸಿತು, ಕೆಳಗಿನ ನಾಲ್ಕಾರು ಗದ್ದೆಗಳ ಬೆಳೆ ಹೊಳೆ ಪಾಲಾಯಿತು. ಉಳಿದದ್ದು ಕಣಜಗಳಲ್ಲಿತ್ತು. ಉಲ್ಗಾನಿಗೆ ಆ ವರ್ಷ ಅನ್ನ ಇತ್ತು. ಇಲಿಯೂ ಬರಲಿಲ್ಲ.

ಅಗಿನಾಯಳ ಕಣಜದ ಹಸಿ ಭತ್ತ ಸ್ವಲ್ಪ ಹುರಿದು ಕುಟ್ಟುವುದಕ್ಕೆ ಆಯಿತು, ಮಿಕ್ಕದ್ದು ಬೂಷ್ಟು ಹಿಡಿಯಿತು. ಜನ ಅವಳನ್ನು ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅಂಗಳಕ್ಕೆ ಈಗ ಯಾರೂ ಬರುತ್ತಿರಲಿಲ್ಲ. ಪೊರಕೆಗೆ ಹುಲ್ಲು ತಂದು ರಾಶಿ ಹಾಕಿದಳು, ಕಟ್ಟಲಿಲ್ಲ. ಬೇಕಾದಾಗ ಹೊರಡಬಹುದಾಗಿತ್ತು, ಬೇಕು ಎನ್ನಿಸುತ್ತಿರಲಿಲ್ಲ. ಮನೆಯಿಂದ ಊಟೆಗೆ, ಊಟೆಯಿಂದ ಮನೆಗೆ ತಿರುಗುತ್ತಿದ್ದಳು.

ಬೀಜ ಹಾಕುವ ಕಾಲ ಬಂತು. ಒಂದು ಮಧ್ಯಾಹ್ನ ಇಂಬಾಂಗ್ ಏದುಸಿರು ಬಿಡುತ್ತ ಏರು ಹತ್ತಿ ಬಂದಳು. ಕಂಕುಳಲ್ಲಿ ಬೀಜದ ತೆನೆಗಳ ಒಂದು ಕಟ್ಟು. ಅದನ್ನು ತಂಗಿಯ ಮುಂದಿಟ್ಟಳು. ನಿನ್ನ ಗದ್ದೆಗೆ ಎಂದಳು. ಬಿಳಿ ಭತ್ತ, ಮೀಸೆ ಇಲ್ಲದ್ದು, ಚೆನ್ನಾಗಿ ಆರಿಸಿದ್ದು. ಅಗಿನಾಯ ಮುಟ್ಟಲಿಲ್ಲ. ಇಂಬಾಂಗ್ ಅಲ್ಲೇ ಕೂತಳು. ಏನಾದರೂ ಚುಚ್ಚುತ್ತಾಳೆ ಎಂದು ಅಗಿನಾಯ ಕಾದಳು. ಚುಚ್ಚಲಿಲ್ಲ.

"ಈಗ ಎಲ್ರೂ ನನ್ ಅಂಗಳದಲ್ಲಿ ಬಂದು ಕೂತ್ಕೋತಾರೆ," ಎಂದಳು. "ಹಕ್ಕಿ ಬಂತು, ಮರ ಚಿಗುರ್ತು, ಅದೆಲ್ಲ ನಂಗೂ ಕಾಣತ್ತೆ. ಆದ್ರೆ ಇವತ್ತೋ ನಾಳೆಯೋ ಅಂತ ಹೆಂಗೆ ಹೇಳೋದೇ? ತಪ್ಪು ದಿನ ಹೇಳಿದ್ರೆ ಇಡೀ ಊರಿನ ಅನ್ನ ನನ್ ತಲೆ ಮೇಲೆ. ನಿದ್ದೆ ಬರ್ತಿಲ್ಲ. ನಿಂಗೆ ಹೆಂಗ್ ಗೊತ್ತಾಗ್ತಿತ್ತು? ಚಿಕ್ಕಮ್ಮ ಏನ್ ಹೇಳ್ಕೊಟ್ಟಿದ್ರು?"

ಅಗಿನಾಯ ಯೋಚಿಸಿದಳು. ತಾಯಿ ಬೀಜ ಆರಿಸುವುದನ್ನು ಹೇಳಿಕೊಟ್ಟಿದ್ದಳು. ದಿನ ಆರಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಗೊತ್ತಾಗ್ತಿರ್ಲಿಲ್ಲ ಕಣಕ್ಕ. ಒಂದು ಬೆಳಗ್ಗೆ ಇನ್ನು ಕೂರೋಕಾಗಲ್ಲ ಅನ್ನಿಸ್ತಿತ್ತು. ಎದ್ದು ಹೋಗಿ ಹಾಕ್ಬಿಡ್ತಿದ್ದೆ."

"ಅಷ್ಟೇನಾ?"

"ಅಷ್ಟೇ."

ಹುಟ್ಟಿದಾಗಿನಿಂದ ಇಂಬಾಂಗಳಿಗೆ ಹಾಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅದನ್ನು ಅವಳೇ ಹೇಳಿದಳು. "ನಂಗೆ ಯಾವತ್ತೂ ಕೂರೋಕಾಗತ್ತೆ ಕಣೆ," ಎಂದಳು, ಎಂದು ಅಳುವುದಕ್ಕೇ ಶುರುಮಾಡಿದಳು. ಊರು ಇಷ್ಟು ವರ್ಷ ನಕ್ಕದ್ದು ಯಾವ ಕಾಲಿಗೋ, ಉಂಡದ್ದೂ ಅದೇ ಕಾಲಿನಿಂದ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅಗಿನಾಯಳಿಗೆ ನಗಬೇಕು ಅನ್ನಿಸಿತು, ಅಕ್ಕನ ಬೆನ್ನಿಗೆ ಒಂದು ಗುದ್ದಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಎಲೆಗೆ ಸುಣ್ಣ ಹಚ್ಚಿ ಅವಳ ಕೈಗೆ ಕೊಟ್ಟಳು.

"ಈ ಸಲ ಬಾಗಿಯೊಗೆ ಹೋಗ್ಬೇಡ ಕಣೇ," ಎಂದಳು ಇಂಬಾಂಗ್, ಬಾಗಿಲು ದಾಟುವಾಗ.

ಅದಾಗಿ ಕೆಲವು ದಿನಕ್ಕೆ, ಒಂದು ಮಂಜಿನ ಬೆಳಗ್ಗೆ, ಅಗಿನಾಯ ಎಸರಿಟ್ಟ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು ಇಂಬಾಂಗಳ ಮನೆಗೆ ಇಳಿದಳು. ಹೊದ್ದು ಮಲಗಿದ್ದ ಅಕ್ಕನ ಕಂಬಳಿ ಎಳೆದಳು.

"ಏಳು. ಇವತ್ತು."

ಇಂಬಾಂಗ್ ಎದ್ದು ಬೀಜದ ತೆನೆ ಹೊತ್ತು ಹೊರಟಳು. ಊರೆಲ್ಲ ಬಾಗಿಲಿಗೆ ಬಂದು ನೋಡುತ್ತಿರುವಾಗ ಅವಳು ತನ್ನ ಗದ್ದೆಯ ಸಸಿಮಡಿಗೆ ಇಳಿದು, ನುಣ್ಣ ಮಾಡಿದ ಕೆಸರಿನ ಮೇಲೆ ತೆನೆಗಳನ್ನು ಒಂದರ ಪಕ್ಕ ಒಂದು ಮಲಗಿಸಿದಳು. ಅಗಿನಾಯ ಬದುವಿನ ಮೇಲೆ ನಿಂತಿದ್ದಳು. ಕಟ್ಟಳೆಯ ಪ್ರಕಾರ ಅವಳು ಇಳಿಯುವಂತಿರಲಿಲ್ಲ. ಕೆಲಸ ಮುಗಿಸಿ ಇಂಬಾಂಗ್ ಕೆಸರು ಕೈಯಲ್ಲೇ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದಳು.

"ಬರೋ ವರ್ಷಾನೂ ಎಬ್ಬಿಸ್ತೀಯಲ್ಲ?"

"ಎಬ್ಬಿಸ್ದೇ ಏನ್ ಮಾಡ್ಲಿ. ಊರು ಉಣ್ಬೇಕಲ್ಲ."

ಅಂದು, ಅಕ್ಕ ಕೊಟ್ಟ ಬಿಳಿ ಭತ್ತದ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಕ್ಕೆ ಹತ್ತಿದಳು. ಈಗ ಎಲ್ಲರಿಗೂ ದಾರಿ ಬಿಟ್ಟಿತ್ತು, ಹೆಂಗಸರು ಗುಂಪುಗುಂಪಾಗಿ ತಮ್ಮ ತಮ್ಮ ಮಡಿಗಳಿಗೆ ಇಳಿಯುತ್ತಿದ್ದರು, ಅವಳೂ ಅವರಲ್ಲಿ ಒಬ್ಬಳು. ತಾಯಿಯ ಗದ್ದೆಯ ಕೆಸರಿನ ಮೇಲೆ ಬೇರೆಯವರ ತೆನೆಗಳನ್ನು ಓರೆಯಾಗದ ಹಾಗೆ, ನಿಧಾನವಾಗಿ ಮಲಗಿಸಿದಳು. ಕೊನೆಯ ತೆನೆ ಇಟ್ಟ ಮೇಲೆ ಅಲ್ಲೇ ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಂಪುಮೀಸೆಗಾಗಿ ಅತ್ತಳು.